ಅರವತ್ತರ ನಂತರದ ಅಲಂಕಾರ: ನಾನು ನೆಚ್ಚಿಕೊಂಡಿರುವ ಕೆಲವು ವಸ್ತುಗಳು

ಅರವತ್ತು ದಾಟಿದವರ ಮುಖಕ್ಕೆ ಯಾವ ಪ್ರಸಾಧನ ಹೊಂದುತ್ತದೆ ಎನ್ನುವುದನ್ನು ಅದರ ಬೆಲೆಗಿಂತ ಹೆಚ್ಚಾಗಿ ಚರ್ಮದಲ್ಲಿ ಉಳಿದಿರುವ ಪಸೆಯೇ ನಿರ್ಧರಿಸುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿದು ಚರ್ಮ ತೆಳುವಾಗುತ್ತದೆ, ಎಣ್ಣೆಯೂ ಮೊದಲಿನಷ್ಟು ಒಸರುವುದಿಲ್ಲ. ಅದರ ಮೇಲೆ ಶಿವರಾತ್ರಿಯಿಂದ ಯುಗಾದಿಯವರೆಗೆ ಬೆಂಗಳೂರಿನಲ್ಲಿ ಬೀಸುವ ಒಣಗಾಳಿ ಬೇರೆ. ಆದ್ದರಿಂದ ಪಸೆ ಉಳಿಸುವ ವಸ್ತುಗಳಿಗೇ ನನ್ನ ಹೆಚ್ಚಿನ ಅಂಕ.

ಮೈಸೂರು ಸ್ಯಾಂಡಲ್ ಸಾಬೂನು ನಮ್ಮ ಮನೆಯಿಂದ ಎಂದೂ ಹೊರಗೆ ಹೋಗಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ, ಗಂಧದೆಣ್ಣೆಯಿಂದ ಆರಂಭವಾದ ಉದ್ಯಮದ ಈ ಸಾಬೂನಿನ ಪರಿಮಳಕ್ಕೆ ಸಾಟಿಯಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೂ ಅದನ್ನು ಮೈಗೆ ಮಾತ್ರ ಬಳಸುತ್ತೇನೆ. ಯಾರೇ ತಯಾರಿಸಿದ ಸಾಬೂನಾದರೂ ಸ್ವಭಾವತಃ ಕ್ಷಾರೀಯ, ಚರ್ಮದ ಮೇಲ್ಪದರವೋ ತುಸು ಆಮ್ಲೀಯ. ವಯಸ್ಸಾದ ಮುಖ ಆ ವ್ಯತ್ಯಾಸದಿಂದ ಬೇಗ ಚೇತರಿಸಿಕೊಳ್ಳುವುದಿಲ್ಲ. ಮುಖಕ್ಕೆ ನೊರೆ ಬಾರದ ಸೌಮ್ಯವಾದ ಕ್ಲೆನ್ಸರ್ ಸಾಕು. ತೊಳೆದ ಮೇಲೆ ಉಜ್ಜದೆ, ಟವೆಲಿನಿಂದ ಮೆಲ್ಲಗೆ ಒತ್ತಿ, ಇನ್ನೂ ಹಸಿ ಇರುವಾಗಲೇ ಗ್ಲಿಸರಿನ್ ಅಥವಾ ಸೆರಮೈಡ್ (ಚರ್ಮದ ಪಸೆ ಹಿಡಿದಿಡುವ ಕೊಬ್ಬಿನಂಶ) ಇರುವ ಕ್ರೀಮ್ ಹಚ್ಚಿದರೆ ಕೆನ್ನೆ ಸಂಜೆಯವರೆಗೂ ಬಿಗಿಯುವುದಿಲ್ಲ.

ಸನ್‌ಸ್ಕ್ರೀನ್ ವಿಷಯದಲ್ಲಿ ರಾಜಿ ಬೇಡ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ತಂಪಾದ ಹವೆಯಲ್ಲಿ ಬಿಸಿಲಿನ ತೀಕ್ಷ್ಣತೆ ಅರಿವಿಗೇ ಬರುವುದಿಲ್ಲ. ಬಿಸಿಲಿನಿಂದ ರಕ್ಷಣೆಯ ಅಳತೆಯಾದ ಎಸ್‌ಪಿಎಫ್ 30 ಇದ್ದರೆ, ಸಾಕಷ್ಟು ಹಚ್ಚಿಕೊಂಡಾಗ, ಚರ್ಮವನ್ನು ಸುಡುವ ಯುವಿಬಿ ಕಿರಣಗಳಲ್ಲಿ ಸುಮಾರು 97 ಪ್ರತಿಶತವನ್ನು ತಡೆಯುತ್ತದೆ. ಜಿಂಕ್ ಆಕ್ಸೈಡ್ ಇರುವವು ನಮ್ಮ ಗೋಧಿಬಣ್ಣದ ಮೇಲೆ ಬೂದಿ ಬಳಿದಂತೆ ಕಾಣುವುದುಂಟು. ಹಾಗೆ ಕಾಣುವವರು ಐರನ್ ಆಕ್ಸೈಡ್ ಬೆರೆತ, ಬಣ್ಣವಿರುವ ಸನ್‌ಸ್ಕ್ರೀನ್ ಕೊಳ್ಳಬೇಕು. ಅದು ಬಂಗನ್ನು ಗಾಢವಾಗಿಸುವ ಕಣ್ಣಿಗೆ ಕಾಣುವ ಬೆಳಕನ್ನೂ ತಕ್ಕಮಟ್ಟಿಗೆ ತಡೆಯುತ್ತದೆ, ಫೌಂಡೇಶನ್ ಖರ್ಚನ್ನೂ ಉಳಿಸುತ್ತದೆ.

ಪೌಡರನ್ನು ನಾನು ಸಂಪೂರ್ಣವಾಗಿ ಬಿಟ್ಟಿದ್ದೇನೆ, ಏಕೆಂದರೆ ಅದು ಕಣ್ಣಿನ ಕೆಳಗಿನ ಗೆರೆಗಳಲ್ಲಿ ಕುಳಿತು ಇಲ್ಲದ ಗೆರೆಯನ್ನೂ ತೋರಿಸುತ್ತದೆ. ಲಿಪ್‌ಸ್ಟಿಕ್ ಕೂಡ ಹೊಳಪಿಲ್ಲದ ಮ್ಯಾಟ್ ಬೇಡ; ಕೆನೆಯಂತಹ, ಇಟ್ಟಿಗೆ ಅಥವಾ ಒಣಗುಲಾಬಿ ಬಣ್ಣದ್ದು ರೇಷ್ಮೆ ಸೀರೆಗೂ ಹತ್ತಿ ಸೀರೆಗೂ ಒಪ್ಪುತ್ತದೆ. ಕಾಡಿಗೆಗೆ ಲ್ಯಾಕ್ಮೆಯ ಪೆನ್ಸಿಲ್ ನನಗೆ ತೃಪ್ತಿ ಕೊಟ್ಟಿದೆ, ರೆಪ್ಪೆಯ ಸಡಿಲ ಚರ್ಮವನ್ನು ಎಳೆಯದೆ ಮೆತ್ತಗೆ ಜಾರುತ್ತದೆ.

ಇನ್ನು ಬೊಟ್ಟು. ನಮ್ಮ ಅಲಂಕಾರದಲ್ಲಿ ಇದಕ್ಕಿರುವಷ್ಟು ಮಹತ್ವ ಬೇರಾವುದಕ್ಕೂ ಇಲ್ಲ, ಆದರೂ ಇದರ ಗುಣಮಟ್ಟವನ್ನು ನಾವು ವಿಚಾರಿಸುವುದೇ ಇಲ್ಲ. ಹಲವು ಸ್ಟಿಕ್ಕರ್ ಬೊಟ್ಟುಗಳ ಅಂಟಿನಲ್ಲಿ ಬಳಕೆಯಾಗುವ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫಿನಾಲ್ ಎಂಬ ರಾಸಾಯನಿಕ ಕೆಲವರಲ್ಲಿ ಬಣ್ಣದ ಕಣಗಳನ್ನೇ ನಾಶಮಾಡಿ, ಹಣೆಯ ನಡುವೆ ಬಿಳಿಯ ಮಚ್ಚೆ ಉಳಿಸುತ್ತದೆ. ನಮ್ಮ ಅಕ್ಕನಿಗೆ ಹಾಗಾಯಿತು. ಮೊದಲು ತುರಿಕೆ, ಆಮೇಲೆ ಬೇಳೆಯಗಲದ ಬಿಳುಪು, ಅದನ್ನು ಮುಚ್ಚಲು ಮತ್ತಷ್ಟು ದೊಡ್ಡ ಸ್ಟಿಕ್ಕರ್. ತುರಿಕೆ ಕಂಡ ದಿನವೇ ಅದನ್ನು ನಿಲ್ಲಿಸಿ ಚರ್ಮವೈದ್ಯರಿಗೆ ತೋರಿಸಬೇಕೆಂದು ಎಲ್ಲ ಅಕ್ಕತಂಗಿಯರಲ್ಲಿ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ನಾನು ಈಗ ಮೇಣ ಮತ್ತು ಕುಂಕುಮಕ್ಕೆ ಮರಳಿದ್ದೇನೆ. ಜೇನುಮೇಣವನ್ನು ಕೊಬ್ಬರಿ ಎಣ್ಣೆಯೊಂದಿಗೆ ಕರಗಿಸಿ ಪುಟ್ಟ ಭರಣಿಯಲ್ಲಿ ಆರಿಸಿಟ್ಟರೆ ಬಹುಕಾಲ ಬರುತ್ತದೆ. ಕುಂಕುಮವನ್ನು ಗಾಂಧಿ ಬಜಾರಿನಲ್ಲಿ ಕೊಳ್ಳುವಾಗ ಕಣ್ಣುಕುಕ್ಕುವ ಕೆಂಪನ್ನು ಬಿಟ್ಟು, ಅರಿಶಿನಕ್ಕೆ ನಿಂಬೆರಸ, ಬಿಳಿಗಾರ ಸೇರಿಸಿ ಮಾಡಿದ್ದನ್ನೇ ಕೇಳುತ್ತೇನೆ. ಬೆರಳಿಗೆ ತೀಡಿದಾಗ ಅದರ ಬಣ್ಣ ಮಂಕಾಗಿದ್ದು, ಅರಿಶಿನದ ವಾಸನೆ ಬರುತ್ತದೆ. ಉಂಗುರ ಬೆರಳಿನ ತುದಿಯಿಂದ ಮೇಣವನ್ನು ಸಾಸಿವೆಯಷ್ಟು ಮಾತ್ರ ತೆಗೆದುಕೊಂಡು ದುಂಡಗೆ ಹಚ್ಚಿ, ಅದರ ಮೇಲೆ ಕುಂಕುಮವನ್ನು ಒತ್ತಬೇಕು. ಮೇಣ ದಪ್ಪವಾದರೆ ಮಧ್ಯಾಹ್ನದ ಸೆಕೆಗೆ ಕರಗಿ ಮೂಗಿನ ಮೇಲೆ ಇಳಿಯುತ್ತದೆ. ಹಚ್ಚಿದ ಮೇಲೆ ಉದುರಿದ ಪುಡಿಯನ್ನು ಕೈಯಿಂದ ಒರೆಸದೆ ಒಣ ಹತ್ತಿಯಿಂದ ತೆಗೆದರೆ ಕೆಂಪು ಮುಖಕ್ಕೆ ಹರಡುವುದಿಲ್ಲ.