ಆಲ್ಟೊ ಏರ್ ಫಿಲ್ಟರ್ ಮನೆಯಲ್ಲೇ ಬದಲಿಸುತ್ತಾ ಆರು ವರ್ಷ: ಫಿಲ್ಟರ್ ಬಿಡಿ, ಪೈಪಿನೊಳಗೆ ಬೆರಳು ಹಾಕಿ

ನನ್ನದು 2013ರ ಪೆಟ್ರೋಲ್ ಆಲ್ಟೊ 800. ಮನೆ ನೀರ್ಚಾಲು ಹತ್ತಿರ, ಕೆಲಸ ಕಾಸರಗೋಡು ಪೇಟೆಯಲ್ಲಿ. ದಿನಾ ಸೀತಾಂಗೋಳಿ, ಕುಂಬಳೆ ದಾಟಿ ಹೋಗಿ ಬರಬೇಕು. ಮನೆಯಿಂದ ಟಾರ್ ರಸ್ತೆ ಮುಟ್ಟುವವರೆಗೆ ಅರ್ಧ ಕಿಲೋಮೀಟರ್ ಮಣ್ಣಿನ ದಾರಿ, ಪಕ್ಕದಲ್ಲೇ ಮುರಕಲ್ಲಿನ (ಕೆಂಪು ಕಲ್ಲಿನ) ಕೋರೆ. ಕಲ್ಲು ಹೇರಿದ ಲಾರಿ ಎದುರು ಬಂದರೆ ಗ್ಲಾಸ್ ಏರಿಸದೆ ಉಪಾಯ ಇಲ್ಲ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಹೆದ್ದಾರಿಯನ್ನು ಆರು ಪಥ ಮಾಡುವ ಕೆಲಸ ನಡೆದಷ್ಟು ದಿನ ಕುಂಬಳೆಯಿಂದ ಆಚೆಗೂ ಅದೇ ಕಥೆಯಾಗಿತ್ತು. ಕಾರು ಬಿಳಿ ಅಂತ ಆರ್‌ಸಿಯಲ್ಲಿದೆ. ಡಿಸೆಂಬರಿನಿಂದ ಮಳೆ ಬರುವವರೆಗೆ ನಂಬುವುದು ಕಷ್ಟ.

ಮನೆಯಲ್ಲೇ ಮಾಡಲು ಹೊರಟದ್ದು ಸಿಟ್ಟಿನಿಂದ. ಸರ್ವಿಸ್ ಬಿಲ್ಲಿನಲ್ಲಿ 'ಏರ್ ಫಿಲ್ಟರ್ ಕ್ಲೀನಿಂಗ್' ಅಂತ ಹಣ ಹಾಕಿದ್ದರು. ಮನೆಗೆ ಬಂದು ಸುಮ್ನೆ ಫಿಲ್ಟರ್ ಕೂರುವ ಬಾಕ್ಸ್ ತೆರೆದು ನೋಡಿದೆ. ಒಳಗೆ ಒಂದು ಹಿಡಿ ಅಡಿಕೆ ಸಿಪ್ಪೆ! ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆಯದ್ದೇ, ಇಲಿ ತಂದು ಗೂಡು ಕಟ್ಟಿತ್ತು. ಆ ಬಾಕ್ಸನ್ನು ಯಾರೂ ಮುಟ್ಟಿಯೇ ಇರಲಿಲ್ಲ.

ಫಿಲ್ಟರ್ ಬದಲಿಸುವುದು ಹತ್ತು ನಿಮಿಷದ ಕೆಲಸ. ಕ್ಲಿಪ್ ಬಿಡಿಸಿ, ಮುಚ್ಚಳ ಎತ್ತಿ, ಹಳೆಯದನ್ನು ತೆಗೆದು, ಬಾಕ್ಸಿನ ತಳ ಒದ್ದೆ ಬಟ್ಟೆಯಲ್ಲಿ ಒರೆಸಿ, ಹೊಸದನ್ನು ಕೂರಿಸಿದರೆ ಆಯಿತು. ಇದಕ್ಕೆ ವಿಡಿಯೋ ಕೂಡ ಬೇಡ.

ಮೊದಲು ತಂದದ್ದು ಅಗ್ಗದ ಫಿಲ್ಟರ್. ಅಂಗಡಿಯವನು "ಇದು ಮತಿ" ಅಂದ (ಮಲಯಾಳದಲ್ಲಿ 'ಸಾಕು'), ನಾನೂ ಸಾಕು ಅಂತ ತಂದೆ. ನೋಡಲು ಕಂಪನಿಯದ್ದರ ಹಾಗೆಯೇ ಇತ್ತು. ವ್ಯತ್ಯಾಸ ಇದ್ದದ್ದು ಸುತ್ತಲಿನ ರಬ್ಬರ್ ಅಂಚಿನಲ್ಲಿ. ತೆಳ್ಳಗೆ, ಗಟ್ಟಿ. ಉಗುರು ಒತ್ತಿದರೆ ಗುರುತೇ ಬೀಳುತ್ತಿರಲಿಲ್ಲ. ನಾಲ್ಕು ತಿಂಗಳು ಓಡಿಸಿದ ಮೇಲೆ ಹಳೆ ಮುಂಡಿನ ತುಂಡನ್ನು ಬೆರಳಿಗೆ ಸುತ್ತಿ, ಫಿಲ್ಟರ್ ದಾಟಿ ಎಂಜಿನ್ನಿಗೆ ಹೋಗುವ ಪೈಪಿನ ಒಳಗೆ ಒರೆಸಿದೆ. ಕೆಂಪು. ಫಿಲ್ಟರಿನ ಕಾಗದದಲ್ಲಿ ಒಂದು ತೂತೂ ಇರಲಿಲ್ಲ. ಧೂಳು ಅಂಚಿನ ಸಂದಿಯಿಂದ ನುಗ್ಗಿತ್ತು. 1 ಲೀಟರ್ ಪೆಟ್ರೋಲ್ ಸುಡಲು ಎಂಜಿನ್ ಸುಮಾರು 9,000 ಲೀಟರ್ ಗಾಳಿ ಎಳೆಯುತ್ತದೆ. ಅಷ್ಟು ಗಾಳಿ ಹೋಗುವಲ್ಲಿ ಕೂದಲೆಳೆ ಸಂದಿ ಇದ್ದರೂ ಆಯಿತಲ್ಲ.

ಆಮೇಲೆ ತೊಳೆದು ಮತ್ತೆ ಹಾಕುವ ಸ್ಪಂಜಿನ ಫಿಲ್ಟರ್ ತರಿಸಿದೆ. ಒಮ್ಮೆ ಕೊಂಡರೆ ಮುಗಿಯಿತು ಎಂಬ ಆಸೆ. ನಮ್ಮ ಊರಿನ ಆಷಾಢಕ್ಕೆ ಅದು ಹೇಳಿದ್ದಲ್ಲ. ತೊಳೆದರೆ ಎರಡು ದಿನವಾದರೂ ಒಣಗುವುದಿಲ್ಲ, ಅಷ್ಟು ಹೊತ್ತು ಕಾರು ಶೆಡ್ಡಿನಲ್ಲಿ. ಬಚ್ಚಲು ಒಲೆಯ ಹತ್ತಿರ ಇಟ್ಟು ನೋಡಿದೆ, ಹೊಗೆಯ ವಾಸನೆ ಹಿಡಿಯಿತು. ಒಣಗಿದ ಮೇಲೆ ಎಣ್ಣೆ ಸವರಬೇಕು, ಅದೂ ಹೆಚ್ಚಾಗಬಾರದು. ಒಂದೇ ಮಳೆಗಾಲಕ್ಕೆ ಸಾಕಾಯಿತು.

ಈಗ ಕಂಪನಿಯ ಕಾಗದದ ಫಿಲ್ಟರೇ. ಟಾರ್ ರಸ್ತೆಯಾದರೆ 40,000 ಕಿ.ಮೀ.ಗೆ ಬದಲಿಸಿ, ಧೂಳು ಇದ್ದರೆ ಮೊದಲೇ, ಅಂತ ಕಾರಿನ ಪುಸ್ತಕದ ಲೆಕ್ಕ. ನಾನು 15,000ಕ್ಕೆ ಬದಲಿಸುತ್ತೇನೆ. ನಡುವೆ ತಿಂಗಳಿಗೊಮ್ಮೆ ತೆಗೆದು ತಟ್ಟುತ್ತೇನೆ. ಪೆಟ್ರೋಲ್ ಬಂಕಿನ ಗಾಳಿ ಹೊಡೆಸುವವರು ಎಂಜಿನ್ ಕಡೆಯ ಮುಖದಿಂದ ಹೊರಕ್ಕೆ ಹೊಡೆಸಿ, ದೂರ ಹಿಡಿದು, ಮೆಲ್ಲಗೆ. ಉಲ್ಟಾ ಹೊಡೆಸಿದರೆ ಧೂಳು ಕಾಗದದ ಒಳಕ್ಕೇ ಕೂರುತ್ತದೆ. ಕಾಗದದ್ದನ್ನು ತೊಳೆಯಲೇಬಾರದು.

ನಿಜವಾದ ತಲೆನೋವು ಪೈಪುಗಳು. ಬಾಕ್ಸಿನಿಂದ, ಎಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಥ್ರಾಟಲ್‌ಗೆ ಹೋಗುವ ದಪ್ಪ ರಬ್ಬರ್ ಪೈಪನ್ನು ಮೊದಲ ಸಲ ಬಿಚ್ಚಿದವನು ವಾಪಸ್ ಹಾಕಲಾಗದೆ ಬೆವರಿದೆ. ಹತ್ತು ವರ್ಷದ ಬಿಸಿಗೆ ರಬ್ಬರ್ ಗಟ್ಟಿಯಾಗಿತ್ತು. ಪಕ್ಕದ ಮನೆಯ ಭಾವ ಬೇಲಿಯಾಚೆಯಿಂದಲೇ, "ಒಂದು ತೊಟ್ಟು ತೆಂಗಿನೆಣ್ಣೆ ಹಚ್ಚು ಮಾರಾಯ" ಅಂದ. ಹಚ್ಚಿದೆ. ಬೆಣ್ಣೆಯ ಹಾಗೆ ಒಳಗೆ ಹೋಯಿತು. ಕ್ಲಾಂಪ್ (ಪೈಪನ್ನು ಬಿಗಿಯುವ ಪಟ್ಟಿ) ಬಿಗಿ ಮಾಡಿ ಇಬ್ಬರೂ ಕಾಫಿ ಕುಡಿದೆವು.

ಹೋದ ಹಾಗೆಯೇ ಮೆಲ್ಲ ಹೊರಗೂ ಬಂತು. ಎರಡು ತಿಂಗಳ ಮೇಲೆ ಬೆರಳು ಹಾಕಿದರೆ ಮತ್ತೆ ಕೆಂಪು, ಫಿಲ್ಟರ್ ಹೊಸದು! ಪೈಪ್ ಒಂದು ಬದಿಗೆ ಜಾರಿ, ಕೆಳಗಡೆ ಕಣ್ಣಿಗೆ ಬೀಳದ ಜಾಗದಲ್ಲಿ ಬಾಯಿ ಬಿಟ್ಟಿತ್ತು. ಬೇಜಾರಾದದ್ದು ಏನೆಂದರೆ, ಅಷ್ಟು ದಿನ ಕಾರು ಒಂದು ಸೂಚನೆಯನ್ನೂ ಕೊಟ್ಟಿರಲಿಲ್ಲ. ಈ ಕಾರು ಥ್ರಾಟಲ್‌ನ ಆಚೆ ಬದಿಯ ಒತ್ತಡ ನೋಡಿ ಪೆಟ್ರೋಲ್ ಹಾಕುತ್ತದೆ. ಗಾಳಿ ಫಿಲ್ಟರಿನಿಂದ ಬಂತೋ ಸಂದಿಯಿಂದ ಬಂತೋ, ಅದಕ್ಕೆ ಎರಡೂ ಒಂದೇ. ಗಾಳಿ ಅಳೆಯುವ ಸೆನ್ಸರ್ ಬಾಕ್ಸಿನ ಹತ್ತಿರ ಇರುವ ಕಾರುಗಳಾದರೆ ಹೀಗಾದಾಗ ನಡುಗುತ್ತವೆ, ಎಂಜಿನ್ ಲೈಟ್ ಹತ್ತಿಸುತ್ತವೆ.

ಈಗ ಎಣ್ಣೆ ಇಲ್ಲ. ಪೈಪಿನ ತುದಿಯನ್ನು ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಎರಡು ನಿಮಿಷ ಸುತ್ತಿಡುತ್ತೇನೆ. ಮೆತ್ತಗಾಗುತ್ತದೆ, ಒಣಗಿದ ಮೇಲೆ ಜಾರುವುದೂ ಇಲ್ಲ. ಕ್ಲಾಂಪನ್ನು ಪೈಪಿಗೆ ಮೊದಲೇ ತೂರಿಸಿರಬೇಕು (ಮರೆತು ಎರಡು ಸಲ ಬಿಚ್ಚಿದ್ದೇನೆ). ತಿರುಪು ಮೇಲೆ ಬರುವ ಹಾಗೆ ತಿರುಗಿಸಿ, ಪೈಪ್ ಕೈಯಲ್ಲಿ ತಿರುಗದಷ್ಟು ಬಿಗಿ ಮಾಡಿದರೆ ಸಾಕು. ಜಾಸ್ತಿ ತಿರುಗಿಸಿದರೆ ಪಟ್ಟಿ ರಬ್ಬರನ್ನೇ ಕೊಯ್ಯುತ್ತದೆ.

ಸಣ್ಣ ಪೈಪ್ ಕಳಚಿದರೆ ಮಾತ್ರ ಕೂಡಲೇ ಗೊತ್ತಾಗುತ್ತದೆ. ಒಮ್ಮೆ ಬಾಕ್ಸ್ ಎತ್ತುವಾಗ ಥ್ರಾಟಲ್ ಆಚೆಗೆ ಸೇರುವ ಬೆರಳು ಗಾತ್ರದ ವ್ಯಾಕ್ಯೂಮ್ ಪೈಪ್ ಕೈತಾಗಿ ಬಿಟ್ಟುಹೋಯಿತು. ಸ್ಟಾರ್ಟ್ ಮಾಡಿದರೆ ಆಕ್ಸಿಲರೇಟರ್ ಮುಟ್ಟದೆಯೇ ಎಂಜಿನ್ ಏರಿ ಇಳಿದು ಏರಿ ಇಳಿದು. ಬಾನೆಟ್ ಎತ್ತಿದಾಗ ಹಾವು ಬುಸುಗುಟ್ಟಿದ ಹಾಗೆ ಸದ್ದು. ತುದಿ ಸೀಳಿತ್ತು. ಒಂದು ಸೆಂಟಿಮೀಟರ್ ಕತ್ತರಿಸಿ ಮತ್ತೆ ಸಿಕ್ಕಿಸಿದೆ, ಸರಿಯಾಯಿತು. ಅಂದಿನಿಂದ ಬಿಚ್ಚುವ ಮೊದಲು ಮೊಬೈಲಲ್ಲಿ ಒಂದು ಫೋಟೋ.

ಮೈಲೇಜ್ ಜಾಸ್ತಿ ಆಗುತ್ತದಾ ಅಂತ ಕೇಳುವವರಿಗೆ: ನನಗೆ ಆಗಲಿಲ್ಲ. ಗಾಳಿ ಕಡಿಮೆಯಾದರೆ ಎಂಜಿನ್ನಿನ ಕಂಪ್ಯೂಟರ್ ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ. ಫಿಲ್ಟರ್ ತುಂಬಾ ಕೊಳಕಾದಾಗ ನಮ್ಮ ಮನೆಯ ಏರಿನಲ್ಲಿ ಎರಡನೇ ಗಿಯರ್ ಎಳೆಯುತ್ತಿರಲಿಲ್ಲ, ಹೊಸದು ಹಾಕಿದರೆ ಎಳೆಯುತ್ತದೆ, ಅಷ್ಟೇ.

ಕಂಪನಿ ಫಿಲ್ಟರಿಗೆ 5ರಲ್ಲಿ 4. ಒಂದು ಕಳೆದದ್ದು, ಕೊಳ್ಳುವಾಗ ರಬ್ಬರ್ ಅಂಚು ಒತ್ತಿ ನೋಡಲು ಅಂಗಡಿಯವರು ಪ್ಯಾಕೆಟ್ ಬಿಚ್ಚಲು ಬಿಡುವುದಿಲ್ಲ ಎಂಬುದಕ್ಕೆ. ಸ್ಪಂಜಿನದ್ದು ಭಾವ ಕೊಂಡುಹೋಗಿದ್ದಾನೆ. ಅವನ ಹುಲ್ಲು ಕತ್ತರಿಸುವ ಮೆಷಿನ್ನಿಗೆ ಕತ್ತರಿಸಿ ಹಾಕಿದ್ದಾನಂತೆ, ಚೆನ್ನಾಗಿದೆ ಅನ್ನುತ್ತಾನೆ.