ಪೀಪಾಯಿಯ ಕೈ ಮೇಲಾದಾಗ: ಆಸ್ಟ್ರೇಲಿಯಾದ ನಾಲ್ಕು ಸಿಂಗಲ್ ಮಾಲ್ಟ್‌ಗಳು

ಆಸ್ಟ್ರೇಲಿಯಾದ ಕಾನೂನಿನಂತೆ, ಬಟ್ಟಿ ಇಳಿಸಿದ ಮದ್ಯವು ಕನಿಷ್ಠ 2 ವರ್ಷ ಮರದಲ್ಲಿ ಮಾಗಿದರೆ ವಿಸ್ಕಿ ಎನಿಸಿಕೊಳ್ಳುತ್ತದೆ. ಸ್ಕಾಟ್ಲೆಂಡ್‌ನಲ್ಲಿ ಈ ಅವಧಿ 3 ವರ್ಷ. ಆದರೆ ಆಸ್ಟ್ರೇಲಿಯಾದ ವಿಸ್ಕಿಯನ್ನು ಅಳೆಯಲು ವಯಸ್ಸು ಅಷ್ಟೇನೂ ಉಪಯುಕ್ತವಲ್ಲ. ಪೀಪಾಯಿಯಲ್ಲಿ ಮೊದಲು ಏನಿತ್ತು, ಅದು ಎಷ್ಟು ಲೀಟರಿನದು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಲೋಟದಲ್ಲಿ ಏನು ಎದುರಾಗಲಿದೆ ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದು. ಈ ನಂಬಿಕೆಯನ್ನು ಪರೀಕ್ಷಿಸಲೆಂದೇ ನಾಲ್ಕು ಸಿಂಗಲ್ ಮಾಲ್ಟ್‌ಗಳನ್ನು, ಅಂದರೆ ಮೊಳಕೆ ಬರಿಸಿದ ಬಾರ್ಲಿಯೊಂದರಿಂದಲೇ ಒಂದೇ ಬಟ್ಟಿಮನೆಯಲ್ಲಿ ತಯಾರಾದ ವಿಸ್ಕಿಗಳನ್ನು, ಒಂದೇ ಆಕಾರದ ಲೋಟಗಳಲ್ಲಿ, ಮಂಜುಗಡ್ಡೆ ಹಾಕದೆ, ಮೊದಲು ಹಾಗೆಯೇ, ಆಮೇಲೆ ಕೆಲವು ಹನಿ ನೀರು ಬೆರೆಸಿ ಹೋಲಿಸಿ ನೋಡಿದೆ.

ಮೊದಲನೆಯದು ಮೆಲ್ಬರ್ನ್‌ನ ಸ್ಟಾರ್‌ವರ್ಡ್ ನೋವಾ, ಶೇ. 41ರ ತೀವ್ರತೆಯದು (ಅಂದರೆ ಅಷ್ಟು ಪಾಲು ಮದ್ಯಸಾರ). ಡೇವಿಡ್ ವಿಟಾಲೆ 2007ರಲ್ಲಿ ಸ್ಥಾಪಿಸಿದ ಈ ಸಂಸ್ಥೆ ಬರೋಸಾ, ಯಾರಾ ಕಣಿವೆಯಂತಹ ಪ್ರದೇಶಗಳಿಂದ ಕೆಂಪು ವೈನಿನ ಪೀಪಾಯಿಗಳನ್ನು ತರಿಸಿ, ಅವುಗಳಲ್ಲೇ ಇದನ್ನು ಮಾಗಿಸುತ್ತದೆ. ಒಂದೇ ದಿನದಲ್ಲಿ ಬಿಸಿಲು, ಚಳಿ, ಮಳೆ ಮೂರನ್ನೂ ತೋರಿಸುವ ಮೆಲ್ಬರ್ನ್ ಹವೆಯಲ್ಲಿ ಮದ್ಯವು ಮರದೊಳಕ್ಕೆ ನುಗ್ಗುವುದೂ ಹೊರಬರುವುದೂ ಚುರುಕಾಗಿ ನಡೆಯುವುದರಿಂದ ಸುಮಾರು 3 ವರ್ಷಗಳಲ್ಲೇ ಗಾಢ ಬಣ್ಣ ಬಂದಿರುತ್ತದೆ. ಮೂಗಿಗೆ ಕೆಂಪು ಹಣ್ಣುಗಳ ಜಾಮ್ ಮತ್ತು ವೆನಿಲಾ. ನಾಲಿಗೆಗೆ ಮೊದಲು ಸಿಹಿ, ಕೊನೆಯಲ್ಲಿ ವೈನಿನದೇ ಆದ ತೆಳು ಒಗರು. ನೀರು ಬೆರೆಸಿದೊಡನೆ ಇದು ಸೊರಗುತ್ತದೆ, ಬೆರೆಸದಿರುವುದೇ ಮೇಲು. ಬಾರ್ಲಿಯ ರುಚಿಯನ್ನು ಹುಡುಕುವವರಿಗೆ ನಿರಾಸೆಯಾಗಬಹುದು. ಬೆಲೆಯ ದೃಷ್ಟಿಯಿಂದ ಮಾತ್ರ ಈ ನಾಲ್ಕರಲ್ಲಿ ಮೊದಲು ಕೊಳ್ಳಬೇಕಾದದ್ದು ಇದೇ. ಇದೇ ಸಂಸ್ಥೆಯ ಟೂ-ಫೋಲ್ಡ್ ಗೋಧಿಯೂ ಸೇರಿದ ಮಿಶ್ರಣವೇ ಹೊರತು ಸಿಂಗಲ್ ಮಾಲ್ಟ್ ಅಲ್ಲ ಎಂಬುದು ಕೊಳ್ಳುವಾಗ ನೆನಪಿರಲಿ.

ಆಸ್ಟ್ರೇಲಿಯಾದ ದ್ವೀಪರಾಜ್ಯ ಟ್ಯಾಸ್ಮೇನಿಯಾದ ಬರ್ನಿ ಪಟ್ಟಣದ ಹೆಲಿಯರ್ಸ್ ರೋಡ್ ಸಂಸ್ಥೆಯದು, ಹಾಲಿನ ಉದ್ಯಮದವರು ಕಟ್ಟಿದ್ದೆಂಬ ಸ್ವಾರಸ್ಯಕರ ಹಿನ್ನೆಲೆ. ಅವರ ಪಿನೋ ನ್ವಾರ್ ಫಿನಿಶ್ (ಶೇ. 46.2) ಕೊನೆಯ ಹಂತದಲ್ಲಷ್ಟೇ ಪಿನೋ ನ್ವಾರ್ ಎಂಬ ಕೆಂಪು ವೈನಿನ ಪೀಪಾಯಿಯನ್ನು ಕಂಡದ್ದು. ಬೆಣ್ಣೆಯಂತಹ ನುಣುಪು ಹಿತವಾಗಿದೆ, ಆದರೆ ವೈನಿನ ಹುಳಿ ಅದರೊಡನೆ ಬೆರೆಯದೆ ಮೇಲೆ ತೇಲಿದಂತೆ ಭಾಸವಾಗುತ್ತದೆ. ಇದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ.

ಸಲಿವನ್ಸ್ ಕೋವ್ ಫ್ರೆಂಚ್ ಓಕ್ ಬೇರೆಯೇ ಮಟ್ಟದ್ದು. ಟ್ಯಾಸ್ಮೇನಿಯಾದ ರಾಜಧಾನಿ ಹೋಬಾರ್ಟ್‌ನ ಈ ತಯಾರಕರ ಎಚ್‌ಎಚ್525 ಎಂಬ ಪೀಪಾಯಿ 2014ರಲ್ಲಿ ವರ್ಲ್ಡ್ ವಿಸ್ಕೀಸ್ ಅವಾರ್ಡ್ಸ್‌ನಲ್ಲಿ ಜಗತ್ತಿನ ಅತ್ಯುತ್ತಮ ಸಿಂಗಲ್ ಮಾಲ್ಟ್ ಎನಿಸಿಕೊಂಡಿತು. ಟಾನಿ, ಅಂದರೆ ಆಸ್ಟ್ರೇಲಿಯಾದಲ್ಲೇ ತಯಾರಾಗುವ ಪೋರ್ಟ್ ಮಾದರಿಯ ವೈನ್, ತುಂಬಿದ್ದ 300 ಲೀಟರಿನ ಪೀಪಾಯಿಗಳನ್ನು ಇದಕ್ಕೆ ಬಳಸುತ್ತಾರೆ. ದೊಡ್ಡ ಪೀಪಾಯಿಯಲ್ಲಿ ಮದ್ಯಕ್ಕೆ ತಗಲುವ ಮರದ ಪಾಲು ಕಡಿಮೆಯಾದ್ದರಿಂದ ಮಾಗುವಿಕೆ ನಿಧಾನ. ಆ ನಿಧಾನದ ಫಲ ಲೋಟದಲ್ಲಿ ಸ್ಪಷ್ಟವಾಗಿ ಸಿಗುತ್ತದೆ: ಮೊದಲು ಕಿತ್ತಳೆ ಸಿಪ್ಪೆ, ಕಹಿ ಚಾಕೊಲೇಟ್, ಒಣದ್ರಾಕ್ಷಿ, ಅವು ಹಿಂದೆ ಸರಿದ ಮೇಲೆ ಎಣ್ಣೆಯ ಜಿಡ್ಡಿನಂತೆ ನಾಲಿಗೆಗೆ ಅಂಟಿ ನಿಲ್ಲುವ ಬಾರ್ಲಿ. ನಾಲ್ಕರಲ್ಲಿ ಧಾನ್ಯವೂ ಮರವೂ ಸಮಸಮನಾಗಿ ಮಾತಾಡುವುದು ಇದೊಂದರಲ್ಲೇ. ಆದರೆ ಇದು ಒಂದೊಂದೇ ಪೀಪಾಯಿಯಿಂದ ತುಂಬಿಸುವ ವಿಸ್ಕಿ. ಪ್ರಶಸ್ತಿಯ ಹೆಸರಿನಲ್ಲಿ ಇಂದು ಕೊಳ್ಳುವ ಬಾಟಲಿಯಲ್ಲಿ ಆ ಪೀಪಾಯಿಯ ಒಂದು ಹನಿಯೂ ಇರುವುದಿಲ್ಲ, ನನ್ನ ವರ್ಣನೆಯೂ ಮತ್ತೊಂದು ಬಾಟಲಿಗೆ ಪೂರ್ತಿ ಹೊಂದಬೇಕಾಗಿಲ್ಲ. ನೂರಾರು ಆಸ್ಟ್ರೇಲಿಯನ್ ಡಾಲರ್ ತೆರುವ ಮುನ್ನ ಬಾರಿನಲ್ಲಿ ಒಂದು ಪೆಗ್ ಸವಿದು ನೋಡುವುದು ಜಾಣತನ.

ಕೊನೆಯದು ಕೇಸಿ ಓವರೀಮ್ ಹೋಬಾರ್ಟ್‌ನಲ್ಲಿ ಕಟ್ಟಿದ ಓವರೀಮ್‌ನ ಶೆರಿ ಕಾಸ್ಕ್ (ಶೆರಿ ಎಂಬ ಬಲವರ್ಧಿತ ವೈನ್ ತುಂಬಿದ್ದ ಪೀಪಾಯಿಯದು), ಶೇ. 60. ಇದು 100 ಲೀಟರಿನ ಪುಟ್ಟ ಪೀಪಾಯಿಯ ಕೂಸು, ಆ ಗಾತ್ರದ ಹಿಂದೆ ಒಂದು ಚರಿತ್ರೆಯಿದೆ. ಬಟ್ಟಿ ಇಳಿಸುವುದಕ್ಕೆ ಸಂಬಂಧಿಸಿದ ಆಸ್ಟ್ರೇಲಿಯಾದ 1901ರ ಕಾಯ್ದೆ 2,700 ಲೀಟರಿಗಿಂತ ಚಿಕ್ಕ ಬಟ್ಟಿಪಾತ್ರೆಗಳಿಗೆ ಅವಕಾಶ ಕೊಡುತ್ತಿರಲಿಲ್ಲ. ಹೋಬಾರ್ಟ್‌ನ ಬಿಲ್ ಲಾರ್ಕ್ ಎಂಬವರು ಪಟ್ಟುಹಿಡಿದು 1992ರಲ್ಲಿ ಪರವಾನಗಿ ಪಡೆದ ಬಳಿಕವೇ ಟ್ಯಾಸ್ಮೇನಿಯಾದಲ್ಲಿ ಸಣ್ಣ ತಯಾರಕರು ಹುಟ್ಟಿಕೊಂಡರು. ಹತ್ತು ಹನ್ನೆರಡು ವರ್ಷ ಹಣ ಹೂಡಿ ಕಾಯುವ ಶಕ್ತಿ ಇವರಿಗಿರಲಿಲ್ಲ, ಚಿಕ್ಕ ಪೀಪಾಯಿ ಆ ಕಾಯುವಿಕೆಯನ್ನು ತಗ್ಗಿಸಿತು. ಬೇಗ ಮಾಗಿಸುವ ಈ ವಿಧಾನದಲ್ಲಿ ಮರ ಅತಿಯಾಗಿ ಇಳಿದು ವಿಸ್ಕಿ ಕಹಿಯಾಗುವ ಅಪಾಯವಿದ್ದೇ ಇದೆ. ಓವರೀಮ್ ಅದರ ಅಂಚಿನವರೆಗೂ ಹೋಗುತ್ತದೆ: ಖರ್ಜೂರ, ಸುಟ್ಟ ಸಕ್ಕರೆ, ಲವಂಗ ಒಟ್ಟೊಟ್ಟಿಗೆ ನುಗ್ಗಿ, ಗಂಟಲಲ್ಲಿ ಖಾರ ಬಹಳ ಹೊತ್ತು ಉಳಿಯುತ್ತದೆ. ಒಂದು ಚಮಚ ನೀರು ಬಿದ್ದದ್ದೇ ತಡ, ಆ ಖಾರ ಅಡಗಿ ಶೆರಿಯ ಗೋಡಂಬಿಯಂತಹ ಘಮ ಮೇಲೇಳುತ್ತದೆ. ನೀರಿಲ್ಲದೆ ಇದಕ್ಕೆ ನನ್ನಲ್ಲಿ ಮೂರನೆಯ ಸ್ಥಾನ, ನೀರಿನೊಡನೆ ಎರಡನೆಯದು. ಅಷ್ಟೂ ತೀವ್ರತೆ ಬೇಡವೆನ್ನುವವರಿಗಾಗಿ ಶೇ. 43ರದೂ ದೊರೆಯುತ್ತದೆ.