ಒಂದು ಭಾನುವಾರಕ್ಕೆ ಒಂದೇ ಊರು

ಮೈಸೂರಿನಲ್ಲಿ ಹತ್ತೊಂಬತ್ತು ವರ್ಷ ಸಂಸಾರ ನಡೆಸಿದ ಮೇಲೆ, ಮನೆಯಿಂದ ಒಂದು ಗಂಟೆಯ ದಾರಿಯಲ್ಲಿರುವ ಸೋಮನಾಥಪುರವನ್ನು ನಾವಿಬ್ಬರೂ ಮೊದಲ ಬಾರಿಗೆ ನೋಡಿದ್ದು ಒಂದು ಖಾಸಗಿ ಪ್ರವಾಸ ಸಂಸ್ಥೆಯ ವ್ಯಾನಿನಲ್ಲಿ ಹೋಗಿ. ಬೆಳಗ್ಗೆ ಏಳಕ್ಕೆ ಹೊರಟು ರಾತ್ರಿ ಎಂಟರೊಳಗೆ ಐದು ಜಾಗಗಳನ್ನು ತೋರಿಸಿ ಮರಳಿ ಬಿಡುವುದಾಗಿ ಅವರು ಹೇಳಿದ್ದರು. ಹೇಳಿದಂತೆಯೇ ಬಿಟ್ಟರು ಕೂಡ. ಆದರೆ ಸೋಮನಾಥಪುರದ ಕೇಶವ ದೇವಾಲಯಕ್ಕೆ ಸಿಕ್ಕಿದ್ದು ನಲವತ್ತು ನಿಮಿಷ ಮಾತ್ರ. ದಕ್ಷಿಣದ ಗೋಡೆಯಲ್ಲಿ ಓಡುವ ಪಟ್ಟಿಕೆ, ಅಂದರೆ ಉದ್ದನೆಯ ಕೆತ್ತನೆಯ ಸಾಲು, ರಾಮಾಯಣದ್ದು ಎಂದು ಗುರುತು ಹಿಡಿದು, ಒಂದೊಂದೇ ಪ್ರಸಂಗವನ್ನು ಬೆರಳಿಟ್ಟು ತೋರಿಸುತ್ತಾ ನಾನು ನಾಲ್ಕು ಹೆಜ್ಜೆ ಸರಿಯುವಷ್ಟರಲ್ಲಿ ಹೊರಗಿನಿಂದ ಹಾರ್ನ್ ಕೇಳಿಸಿತು. ಅಂದು ರಾತ್ರಿ ಊಟಕ್ಕೆ ಕುಳಿತಾಗ, ಐದು ಜಾಗಗಳಲ್ಲಿ ಯಾವುದರ ನೆನಪೂ ನೆಟ್ಟಗೆ ಉಳಿದಿಲ್ಲವೆಂಬುದು ಇಬ್ಬರಿಗೂ ಅರಿವಾಯಿತು. ಇನ್ನು ಮುಂದೆ ಒಂದು ಭಾನುವಾರಕ್ಕೆ ಒಂದೇ ಊರು, ಅದೂ ನಮ್ಮ ಸ್ಕೂಟರಿನಲ್ಲಿಯೇ, ಎಂದು ಇವರು ತೀರ್ಮಾನಿಸಿದರು. ಆ ತೀರ್ಮಾನದಂತೆ ಕಳೆದ ಒಂದೂವರೆ ವರ್ಷದಲ್ಲಿ ನಾವು ಹೋಗಿಬಂದ ಊರುಗಳ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು, ಇವರು ಬ್ಯಾಂಕಿನಲ್ಲಿ ಕೆಲಸ ಮಾಡುವವರು. ವಾರದಲ್ಲಿ ಇಬ್ಬರಿಗೂ ಒಟ್ಟಿಗೆ ಸಿಗುವುದು ಆ ಒಂದು ದಿನ ಮಾತ್ರ.

ಎಲ್ಲಕ್ಕಿಂತ ಮೇಲೆ ನಾನು ಸೋಮನಾಥಪುರವನ್ನೇ ಇಡುತ್ತೇನೆ. ಬನ್ನೂರಿನ ಮೇಲೆ ಹೋದರೆ ಮೈಸೂರಿನಿಂದ ಸುಮಾರು 35 ಕಿಲೋಮೀಟರು. ಹೋಗಿಬರಲು ನಮ್ಮ ಸ್ಕೂಟರಿಗೆ ಎರಡು ಲೀಟರಿಗಿಂತ ಕಡಿಮೆ ಪೆಟ್ರೋಲು ಸಾಕಾಗುತ್ತದೆ. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕನಾಗಿದ್ದ ಸೋಮನಾಥನು ತನ್ನ ಹೆಸರಿನಲ್ಲಿ ಅಗ್ರಹಾರವನ್ನು ಸ್ಥಾಪಿಸಿ, 1258ರಲ್ಲಿ ಈ ದೇವಾಲಯವನ್ನು ಪ್ರತಿಷ್ಠಾಪಿಸಿದನು. ಮಹಾದ್ವಾರದ ಬಳಿಯೇ ಎತ್ತರದ ಶಾಸನದ ಕಲ್ಲು ನಿಂತಿದೆ. ಒಳಗೆ ಓಡುವ ಆತುರದಲ್ಲಿ ಹೆಚ್ಚಿನವರು ಅದನ್ನು ದಾಟಿಹೋಗುತ್ತಾರೆ. ಹಳಗನ್ನಡವನ್ನು ಪಾಠ ಮಾಡುವ ನನಗೆ, ಏಳೂವರೆ ಶತಮಾನಗಳಿಗೂ ಹಿಂದೆ ಕಂಡರಿಸಿದ ಆ ದುಂಡನೆಯ ಅಕ್ಷರಗಳ ನಡುವೆ ಗುರುತು ಸಿಕ್ಕ ಒಂದೆರಡು ಪದಗಳೇ ಆ ದಿನದ ಮೊದಲ ಸಂತೋಷವಾದವು.

ಬೇಲೂರು ಮತ್ತು ಹಳೇಬೀಡುಗಳ ಜೊತೆಯಲ್ಲಿ ಈ ದೇವಾಲಯವೂ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಆ ಎರಡು ಊರುಗಳ ದೇಗುಲಗಳಿಗೆ ಹೋಲಿಸಿದರೆ ಇದು ಚಿಕ್ಕದು. ಆದರೆ ಅಲ್ಲಿ ಇಲ್ಲದ ಒಂದು ಇಲ್ಲಿದೆ. ಅಲ್ಲಿನ ಶಿಖರಗಳು ಉಳಿದಿಲ್ಲ, ಇಲ್ಲಿ ಮೂರು ಗರ್ಭಗುಡಿಗಳ ಮೇಲಿನ ಮೂರೂ ಶಿಖರಗಳು ಉಳಿದಿವೆ. ಆದ್ದರಿಂದ ಹೊಯ್ಸಳ ಶಿಲ್ಪಿಯು ಮನಸ್ಸಿನಲ್ಲಿ ಕಂಡ ದೇಗುಲದ ಪೂರ್ಣರೂಪ ಹೇಗಿತ್ತು ಎಂಬುದನ್ನು ಅಡಿಯಿಂದ ಮುಡಿಯವರೆಗೆ ಒಂದೇ ನೋಟದಲ್ಲಿ ತಿಳಿಯಬೇಕಾದರೆ ಇಲ್ಲಿಗೇ ಬರಬೇಕು. ಮೂರ್ತಿಗಳು ಭಗ್ನಗೊಂಡಿರುವುದರಿಂದ ಇಲ್ಲಿ ಪೂಜೆ ನಡೆಯುವುದಿಲ್ಲ. ನಡುವಿನ ಗರ್ಭಗುಡಿಯ ಮೂಲ ಕೇಶವನ ಮೂರ್ತಿಯಂತೂ ಕಳೆದೇಹೋಗಿದೆ. ಇದು ದುಃಖದ ಸಂಗತಿಯೇ ಆದರೂ, ನೋಡಲು ಬಂದವರನ್ನು ಸಾಲಿನಲ್ಲಿ ಮುಂದೆ ತಳ್ಳುವವರು ಇಲ್ಲಿ ಯಾರೂ ಇಲ್ಲ. ದಕ್ಷಿಣದ ಗರ್ಭಗುಡಿಯ ವೇಣುಗೋಪಾಲನ ಎದುರು ನಾವು ಎಷ್ಟು ಹೊತ್ತು ನಿಂತಿದ್ದೆವೋ ನನಗೆ ತಿಳಿಯದು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಐದು ನಿಮಿಷವಾದರೂ ಬೇಕು. ಆ ಮೇಲೆ ಮೊದಲು ಕೊಳಲು ಹಿಡಿದ ಭಂಗಿ, ನಂತರ ತಲೆಯ ಮೇಲೆ ಹರಡಿದ ಮರ, ಕೊನೆಗೆ ಅಕ್ಕಪಕ್ಕದಲ್ಲಿ ಮೂತಿ ಎತ್ತಿ ಕಿವಿಗೊಟ್ಟ ಹಸುಗಳು ಕಾಣಿಸತೊಡಗುತ್ತವೆ. ವ್ಯಾನಿನಲ್ಲಿ ಬಂದಾಗ ಆ ಹಸುಗಳು ನಮ್ಮ ಕಣ್ಣಿಗೆ ಬಿದ್ದೇ ಇರಲಿಲ್ಲ.

ಹೊರಗೋಡೆಯ ಸಂಗತಿಯೇ ಬೇರೆ. ದೇವಾಲಯವನ್ನು ಹೊತ್ತ ನಕ್ಷತ್ರಾಕಾರದ ಕಟ್ಟೆಯಾದ ಜಗತಿಯ ಮೇಲೆ ಪ್ರದಕ್ಷಿಣೆ ಹೊರಟರೆ, ಕೆಳಗಿನಿಂದ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ ಹೀಗೆ ಪಟ್ಟಿಕೆಗಳು ಒಂದರ ಮೇಲೊಂದು ಸುತ್ತಿಕೊಂಡು ಬರುತ್ತವೆ. ಕಥೆಯ ಪಟ್ಟಿಕೆಯು ದಕ್ಷಿಣದಲ್ಲಿ ರಾಮಾಯಣ, ಹಿಂಬದಿಯಲ್ಲಿ ಭಾಗವತ, ಉತ್ತರದಲ್ಲಿ ಮಹಾಭಾರತ ಎಂದು ಗೋಡೆಯಿಂದ ಗೋಡೆಗೆ ನಡೆಯುತ್ತದೆ. ನಾವು ನಡೆದಂತೆ ಕಥೆಯೂ ನಡೆಯುತ್ತದೆ. ಪಟ್ಟಿಕೆಗಳ ಮೇಲಿನ ದೊಡ್ಡ ವಿಗ್ರಹಗಳಲ್ಲಿ ಕೆಲವಕ್ಕೆ ಶಿಲ್ಪಿಗಳು ತಮ್ಮ ಹೆಸರನ್ನು ಕೆತ್ತಿದ್ದಾರೆ, ಮಲ್ಲಿತಮ್ಮನ ಹೆಸರು ಹಲವು ಕಡೆ ಇದೆ ಎಂದು ನಾನು ಓದಿದ್ದೆ. ಇವರಿಗೆ ಹಳೆಯ ಲಿಪಿಯ ಪರಿಚಯವಿಲ್ಲ. ಆದರೂ ಸೊಂಟ ಬಗ್ಗಿಸಿ ಪೀಠದಿಂದ ಪೀಠಕ್ಕೆ ಹುಡುಕುತ್ತಾ ಹೋಗಿ, "ಇಲ್ಲಿ ಬಾ, ಇದು ನಿನ್ನ ಮಲ್ಲಿತಮ್ಮನೇ ಇರಬೇಕು ನೋಡು" ಎಂದು ಕರೆದರು. ಹೋಗಿ ನೋಡಿದರೆ ನಿಜವಾಗಿಯೂ ಅವನೇ. ಅಂಗೈಯಷ್ಟು ಜಾಗದಲ್ಲಿ, ಮಳೆಗೆ ಸವೆದರೂ ಓದಲು ಬರುವಂತಿದ್ದ ಆ ಹೆಸರಿನ ಮುಂದೆ ನಾವಿಬ್ಬರೂ ಮಕ್ಕಳಂತೆ ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟೆವು.

ಹೋಗುವವರು ತಿಳಿದಿರಬೇಕಾದ ಒಂದೆರಡು ವಿಷಯಗಳಿವೆ. ಬರಿಗಾಲಿನಲ್ಲಿ ನಡೆಯುವವರಿಗೆ ಹನ್ನೊಂದು ಗಂಟೆಯ ಮೇಲೆ ಜಗತಿಯ ಕಲ್ಲು ಸುಡುತ್ತದೆ. ಕಾಲುಚೀಲ ಒಯ್ಯುವುದು ಒಳ್ಳೆಯದು. ಒಳಗಿನ ಮೇಲ್ಛಾವಣಿಯ ಬಾಳೆಮೊಗ್ಗಿನಂಥ ಕೆತ್ತನೆಯನ್ನು ನೋಡಲು ಚಿಕ್ಕದೊಂದು ಟಾರ್ಚ್ ಇರಲಿ. ಊಟವನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗುವುದು ಮೇಲು. ಒಮ್ಮೆ ಬುತ್ತಿಯಿಲ್ಲದೆ ಹೊರಟು, ದಾರಿಯ ಒಂದು ಹೋಟೆಲಿನಲ್ಲಿ ಹಿಂದಿನ ದಿನದ ಸಾಂಬಾರು ಬಡಿಸಿಕೊಂಡು, ಮರುದಿನ ಇವರು ಬ್ಯಾಂಕಿಗೆ ರಜೆ ಹಾಕಬೇಕಾಯಿತು.

ತಲಕಾಡಿನ ಬಗ್ಗೆ ನಮ್ಮಿಬ್ಬರ ಅಭಿಪ್ರಾಯ ಒಂದಾಗಿಲ್ಲ. ಗಂಗರ ರಾಜಧಾನಿಯಾಗಿದ್ದ ಊರು ಮರಳಿನಡಿ ಹೂತುಹೋಗಿದೆ ಎಂಬುದನ್ನು ಪುಸ್ತಕದಲ್ಲಿ ಓದುವುದು ಒಂದು, ಮರಳಿನ ದಿಬ್ಬದ ಮೇಲೆ ನಡೆಯುತ್ತಾ ಹೋಗಿ, ಅಲ್ಲಿಂದ ಮೆಟ್ಟಿಲಿಳಿದು ಪಾತಾಳೇಶ್ವರನ ಗುಡಿಯ ಬಾಗಿಲಿಗೆ ಬರುವುದು ಇನ್ನೊಂದು. ಆ ಇಳಿಯುವಿಕೆಯಲ್ಲಿಯೇ ಊರಿನ ಇತಿಹಾಸ ಕಾಲಿಗೆ ತಿಳಿಯುತ್ತದೆ. ಚೋಳರನ್ನು ಸೋಲಿಸಿದ ವಿಷ್ಣುವರ್ಧನನು ಆ ವಿಜಯದ ನೆನಪಿಗೆ 1117ರಲ್ಲಿ ಕಟ್ಟಿಸಿದ ಕೀರ್ತಿನಾರಾಯಣ ದೇವಾಲಯವೂ ಇಲ್ಲಿಯೇ ಇದೆ. "ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ" ಎಂಬ ಅಲಮೇಲಮ್ಮನ ಶಾಪವನ್ನು ಮೈಸೂರು ಸೀಮೆಯಲ್ಲಿ ಕೇಳದವರಿಲ್ಲ. ನಾನು ಅದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆದರೆ ಆ ಬಿಸಿ ಮರಳಿನಲ್ಲಿ ಕಾಲು ಹೂತು ನಿಂತು, ಕಾವೇರಿ ತಿರುವಿಕೊಂಡು ಹರಿಯುವುದನ್ನು ನೋಡಿದಾಗ ಆ ಕಥೆ ಹುಟ್ಟಿದ ಕಾರಣ ಅರ್ಥವಾಯಿತು. ನನಗೆ ತಲಕಾಡು ಅಚ್ಚುಮೆಚ್ಚು. ಇವರಿಗೆ ಮಾತ್ರ ಭಾನುವಾರದ ನದಿತೀರದ ಗದ್ದಲ, ದಡದ ಮೇಲೆ ಬಿದ್ದಿರುವ ಪ್ಲಾಸ್ಟಿಕ್ ತಟ್ಟೆಗಳು ಮನಸ್ಸಿಗೆ ನೋವು ತಂದವು. ಅದು ನಿಜವೇ. ತಟ್ಟೆ ಬಿಸಾಡಿದವರು ನಮ್ಮಂತೆಯೇ ಒಂದು ದಿನದ ಬಿಡುವಿಗೆ ಬಂದವರು. ನೀರಿಗೆ ಇಳಿಯುವವರಿಗೆ ಒಂದು ಮಾತು: ಮಂಡಿಯವರೆಗಿನ ನೀರಿನಿಂದ ಮುಂದಿನ ಹೆಜ್ಜೆಗೇ ಮಡುವಿರಬಹುದು. ಈಜು ಬಂದರೂ ಒಳಗೆ ಹೋಗಬೇಡಿ. ಅಲ್ಲಿ ಪ್ರಾಣ ಕಳೆದುಕೊಂಡವರು ಒಬ್ಬಿಬ್ಬರಲ್ಲ.

ಶ್ರೀರಂಗಪಟ್ಟಣಕ್ಕೆ ಮನೆಗೆ ಬಂದ ನೆಂಟರನ್ನು ಕರೆದುಕೊಂಡು ನಾವು ಅನೇಕ ಸಲ ಹೋದವರೇ. ಹಾಗಾಗಿ ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಟಿಪ್ಪುವಿನ ಬೇಸಿಗೆ ಅರಮನೆಯಾದ ದರಿಯಾ ದೌಲತ್ತಿನ ಗೋಡೆಯ ಮೇಲಿರುವ 1780ರ ಪೊಲ್ಲಿಲೂರು ಯುದ್ಧದ ಚಿತ್ರವನ್ನು ಮಾತ್ರ ಯಾರೂ ಅವಸರದಲ್ಲಿ ನೋಡಬಾರದು ಎಂದಷ್ಟು ಹೇಳುತ್ತೇನೆ.

ಅದರ ಪಕ್ಕದ ರಂಗನತಿಟ್ಟು ನಮಗೆ ಹೊಸದಾಗಿ ದೊರೆತ ಸಂಪತ್ತು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ ಮೈಸೂರು ಸಂಸ್ಥಾನವು 1940ರಲ್ಲಿ ಇದನ್ನು ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅರಣ್ಯ ಇಲಾಖೆಯ ದೋಣಿಯಲ್ಲಿ ಹೋಗುವುದು ಸ್ವಲ್ಪ ಹೊತ್ತು ಮಾತ್ರ. ಆದರೆ ಆ ಸ್ವಲ್ಪ ಹೊತ್ತಿನಲ್ಲಿ ಬಣ್ಣದ ಕೊಕ್ಕರೆ ತನ್ನ ಮರಿಗೆ ರೆಕ್ಕೆಯಗಲಿಸಿ ನೆರಳು ಹಿಡಿದಿದ್ದನ್ನು ನಾವು ಹತ್ತು ಅಡಿ ದೂರದಿಂದ ಕಂಡೆವು. ಅಂಬಿಗರು ಹುಟ್ಟು ಹಾಕುವುದನ್ನು ನಿಲ್ಲಿಸಿ ದೋಣಿಯನ್ನು ಹಾಗೆಯೇ ತೇಲಲು ಬಿಟ್ಟರು. ಬಿಸಿಲು ಹೊರಳಿದಂತೆ ತಾಯಿಯೂ ಚೂರುಚೂರೇ ಹೊರಳುತ್ತಿತ್ತು. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯನ್ನು ನೋಡಿ ದೋಣಿಯಲ್ಲಿದ್ದ ಮಕ್ಕಳು ಕಿರುಚಿಕೊಂಡರೂ ಆ ಹಕ್ಕಿ ಅಲುಗಲಿಲ್ಲ. ಹೆಜ್ಜಾರ್ಲೆ, ನೀರುಕಾಗೆ, ಚಮಚದಂಥ ಕೊಕ್ಕಿನ ಬಿಳಿಯ ಹಕ್ಕಿ ಎಲ್ಲವೂ ಅಂದು ಕಂಡವು. ಗೂಡು ಕಟ್ಟಿ ಮರಿ ಮಾಡುವ ಕಾಲದಲ್ಲಿ, ಅಂದರೆ ಬೇಸಿಗೆಯ ಆರಂಭದಲ್ಲಿ, ಬೆಳಗ್ಗೆ ಬೇಗನೆ ಹೋಗಿ. ಮಳೆಗಾಲದಲ್ಲಿ ಕನ್ನಂಬಾಡಿ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ. ವಿಚಾರಿಸದೆ ಹೊರಟರೆ ದಡದಲ್ಲಿ ನಿಂತು ಮರಳಬೇಕಾಗುತ್ತದೆ.

ಮೇಲುಕೋಟೆಗೆ ನಾವು ಹೋದದ್ದು ಕಾರ್ತಿಕದಲ್ಲಿ. ಇವರಿಗೆ ಮಂಡಿನೋವು ಇರುವುದರಿಂದ ಯೋಗನರಸಿಂಹನ ಬೆಟ್ಟ ಹತ್ತುವುದು ಹೇಗೆಂಬ ಚಿಂತೆಯಿತ್ತು. ಮೆಟ್ಟಿಲುಗಳು ಅಗಲವಾಗಿವೆ, ಅಲ್ಲಲ್ಲಿ ಕುಳಿತುಕೊಳ್ಳಲು ನೆರಳಿನ ಮಂಟಪಗಳಿವೆ; ಕುಳಿತು, ಎದ್ದು, ಮತ್ತೆ ಕುಳಿತು, ಒಂದು ಗಂಟೆಯಲ್ಲಿ ಮೇಲೆ ತಲುಪಿದೆವು. ಮೇಲಿನಿಂದ ಕಲ್ಯಾಣಿಯ ಚೌಕವೂ ಅದರ ಸುತ್ತಲಿನ ಮಂಟಪಗಳೂ ಕಾಣುವ ನೋಟಕ್ಕೆ ಆ ಶ್ರಮ ತಕ್ಕದ್ದೇ. ರಾಮಾನುಜಾಚಾರ್ಯರು ಹನ್ನೆರಡು ವರ್ಷ ನೆಲೆಸಿದ್ದರೆಂದು ಹೇಳುವ ಊರು ಇದು. ಚೆಲುವನಾರಾಯಣನ ದರ್ಶನ ಮುಗಿಸಿ ಬೀದಿಗಳಲ್ಲಿ ಸುಮ್ಮನೆ ನಡೆಯುವುದೇ ಒಂದು ಪ್ರವಾಸ. 1905ರಲ್ಲಿ ಇಲ್ಲಿ ಹುಟ್ಟಿದ ಕವಿ ಪು.ತಿ.ನ. ಅವರ ಮನೆಯನ್ನು ಅಚ್ಚುಕಟ್ಟಾಗಿ ಉಳಿಸಿಕೊಂಡಿದ್ದಾರೆ. ಅವರ ಪದ್ಯಗಳನ್ನು ಮಕ್ಕಳಿಗೆ ಪಾಠ ಮಾಡುವ ನಾನು ಆ ಜಗಲಿಯ ಮೇಲೆ ಕುಳಿತಾಗ ನನಗೆ ಮಾತೇ ಹೊರಡಲಿಲ್ಲ.

ಮೇಲುಕೋಟೆಯ ಪುಳಿಯೋಗರೆಯ ಬಗ್ಗೆ ಎಷ್ಟು ಹೊಗಳಿದರೂ ಕಡಿಮೆ. ಹುಳಿ ಮುಂದೆ ಬರುವುದಿಲ್ಲ, ಮೆಣಸಿನ ಖಾರ ಕೊನೆಗೆ ಗಂಟಲಿಗೆ ತಿಳಿಯುತ್ತದೆ, ಎಣ್ಣೆ ಕೈಗೆ ಹತ್ತುವಷ್ಟು ಇದ್ದರೂ ಭಾರವೆನಿಸುವುದಿಲ್ಲ. ಜೊತೆಗೆ ಬಿಸಿಯಾದ ಸಕ್ಕರೆ ಪೊಂಗಲು. ಹೊರಗೆ ಕುಳಿತು ತಿನ್ನುವವರು ಕೋತಿಗಳ ಮೇಲೆ ಕಣ್ಣಿಟ್ಟಿರಬೇಕು. ಮಾರ್ಚ್ ಏಪ್ರಿಲಿನಲ್ಲಿ ಬರುವ ವೈರಮುಡಿ ಉತ್ಸವದ ದಿನ ಊರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಬರುವ ಕಿರೀಟವನ್ನು ನೋಡುವ ಆಸೆಯಿದ್ದವರು ಅಂದು ಹೋಗಲಿ, ಊರನ್ನು ನೋಡುವ ಆಸೆಯಿದ್ದವರು ಬೇರೆ ದಿನ ಹೋಗಲಿ. ಹಿಂದಿರುಗುವಾಗ ಪಾಂಡವಪುರದ ದಾರಿಯಲ್ಲಿ ಆಲೆಮನೆಯೊಂದರ ಹೊಗೆ ಕಂಡು ಸ್ಕೂಟರ್ ನಿಲ್ಲಿಸಿದೆವು. ಅಚ್ಚಿಗೆ ಸುರಿಯುವ ಮುಂಚಿನ ಬೆಲ್ಲವನ್ನು ಕಬ್ಬಿನ ತುಂಡಿನ ತುದಿಯಲ್ಲಿ ಸುತ್ತಿ ಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ.

ಸೋಮನಾಥಪುರಕ್ಕೆ ನಾವು ವ್ಯಾನಿನ ಪ್ರವಾಸವನ್ನು ಬಿಟ್ಟು ಮೂರು ಬಾರಿ ಹೋಗಿದ್ದೇವೆ. ಒಮ್ಮೆ ರಾಮಾಯಣ, ಒಮ್ಮೆ ಭಾಗವತ ಓದಿ ಮುಗಿಸಿದೆವು. ಮೂರನೆಯ ಸಲ, ಜನವರಿಯಲ್ಲಿ, ಮಹಾಭಾರತಕ್ಕೆಂದು ಹೋದರೆ ಉತ್ತರದ ಗೋಡೆ ಇಡೀ ದಿನ ನೆರಳಿನಲ್ಲಿಯೇ ಇತ್ತು. ಆನೆಗಳು ಕಂಡವು, ಮೇಲಿನ ಪಟ್ಟಿಕೆಯ ಸಣ್ಣ ಮುಖಗಳು ಒಂದಕ್ಕೊಂದು ಬೆರೆತುಹೋಗಿ ಯಾರು ಯಾರೆಂದು ತಿಳಿಯಲಿಲ್ಲ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕಿರುವುದರಿಂದ ಹಾಗಾಗುತ್ತದೆಂದು ಇವರು ಅಂಗಳದಲ್ಲಿ ನಿಂತು ಕೈ ತೋರಿಸಿ ವಿವರಿಸಿದರು. ಮೇ ತಿಂಗಳಲ್ಲಿ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ವಾಲಿದಾಗ ಆ ಗೋಡೆಯ ಮೇಲೆ ಬೆಳಗಿನ ಬಿಸಿಲು ಓರೆಯಾಗಿ ಬೀಳುತ್ತದೆ. ಶಾಲೆಗೆ ಆಗ ಬೇಸಿಗೆ ರಜೆ. ಮೇ ತಿಂಗಳ ಎರಡನೆಯ ಭಾನುವಾರಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಎರಡು ಜೊತೆ ದಪ್ಪ ಕಾಲುಚೀಲಗಳನ್ನು ಇವರು ಈಗಲೇ ತಂದಿಟ್ಟಿದ್ದಾರೆ.